ತನಿಖೆಗೆ ಮೊದಲೇ ತೀರ್ಪು!

ಬ್ರಿಟನ್ನಿನಲ್ಲಿ ಲಾರ್ಡ್ ಲೆಫ್ಟಿನೆಂಟ್ ಅಂತ ಒಂದು ಹುದ್ದೆ ಇದೆ. ಒಂದು ಕೌಂಟಿಗೆ (ನಮ್ಮ ಜಿಲ್ಲೆ ಅಂದ್ಕೊಳ್ಳಿ) ರಾಜ ಅಥವಾ ರಾಣಿಯ ಪ್ರತಿನಿಧಿ. ಸಂಬಳವಿಲ್ಲ. ರಾಜಮನೆತನದವರು ಬಂದರೆ ಸ್ವಾಗತಿಸೋದು, ಪದಕ ಪ್ರದಾನ ಮಾಡೋದು... ಮರ್ಯಾದೆಯೇ ಅದರ ಬಂಡವಾಳ.

ಎಡ್ವಿನ್ ಬ್ರಾಮಲ್ 1986ರಿಂದ 1998ರವರೆಗೆ ಗ್ರೇಟರ್ ಲಂಡನ್ನಿಗೆ ಲಾರ್ಡ್ ಲೆಫ್ಟಿನೆಂಟ್. 1944ರಲ್ಲಿ ನಾರ್ಮಂಡಿಯಲ್ಲಿ ಹೋರಾಡಿ, ಫೀಲ್ಡ್ ಮಾರ್ಷಲ್ ಆಗಿ, ಮೂರೂ ಸೇನೆಗಳ ಮುಖ್ಯಸ್ಥರಾಗಿದ್ದವರು. ಅಂಥ ಯೋಧ 2003ರ ಇರಾಕ್ ಯುದ್ಧವನ್ನು ವಿರೋಧಿಸಿದ್ದರು.

2015ರ ಮಾರ್ಚಿನಲ್ಲಿ ಈ 91ರ ಅಜ್ಜನ ಮನೆಗೆ ಸುಮಾರು 20 ಪೊಲೀಸರು ನುಗ್ಗಿದರು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ! ಮರೆವಿನ ಕಾಯಿಲೆಯಲ್ಲಿದ್ದ ಹೆಂಡತಿ ಜುಲೈನಲ್ಲಿ ತೀರಿಕೊಂಡರು. ಬ್ರಾಮಲ್ ಮೇಲೆ ಕ್ರಮವಿಲ್ಲ ಅಂತ ಪೊಲೀಸರು ಹೇಳಿದ್ದು 2016ರ ಜನವರಿಯಲ್ಲಿ. ಕಟ್ಟುಕಥೆ ಹೇಳಿದ್ದ ಕಾರ್ಲ್ ಬೀಚ್‌ಗೆ 2019ರ ಜುಲೈನಲ್ಲಿ 18 ವರ್ಷ ಜೈಲಾಯಿತು. ನವೆಂಬರಿನಲ್ಲಿ ಬ್ರಾಮಲ್ ಹೋಗಿಬಿಟ್ಟರು.

ಎದೆ ತುಂಬ ಪದಕ ಇದೆ ಅಂತ ಬಿಟ್ಟುಬಿಡಬೇಕಿತ್ತು ಅಂತ ನಾನು ಹೇಳ್ತಿಲ್ಲ. ದೂರು ಬಂದರೆ ಯಾರಾದರೂ ಸರಿ, ತನಿಖೆ ಆಗಲೇಬೇಕು. ಆದರೆ 2014ರ ಡಿಸೆಂಬರಿನಲ್ಲೇ ತನಿಖಾ ತಂಡದ ಹಿರಿಯ ಅಧಿಕಾರಿಯೊಬ್ಬರು ದೂರುದಾರನ ಮಾತು ನಿಜ ಅಂತ ಬಹಿರಂಗವಾಗಿ ಹೇಳಿಬಿಟ್ಟಿದ್ದರು. ಎಡವಟ್ಟಾಗಿದ್ದೇ ಅಲ್ಲಿ. ದೂರನ್ನು ಕಿವಿಗೊಟ್ಟು ಕೇಳೋದು ಬೇರೆ, ಕೇಳಿದ ಕೂಡಲೇ ನಿಜ ಅಂತ ಸಾರೋದು ಬೇರೆ.

ಇದರ ಪೆಟ್ಟು ಒಬ್ಬ ಮುದುಕನಿಗೆ ಮಾತ್ರ ಬೀಳಲಿಲ್ಲ. ನಾಳೆ ನಿಜವಾಗಿ ನೊಂದವರು ಠಾಣೆಗೆ ಬಂದಾಗ, "ಇದೂ ಅಂಥದ್ದೇ ಇರಬೇಕು" ಅನ್ನೋರಿಗೆ ಒಂದು ನೆಪ ಸಿಕ್ಕಿತಲ್ಲ, ನನಗೆ ಅದೇ ಹೆಚ್ಚು ಸಂಕಟ.

ನೀವೇನಂತೀರಿ?