ಬಿಡುಗಡೆಯ ಕಾಗದ ಯಾವ ನ್ಯಾಯಾಲಯದಲ್ಲಿದೆ?



ಈ ಸಲ ವಾರಸಾ ಪತ್ರದ ಬಗೆಗೆ ಬರೆಯುವುದಾಗಿ ಹಿಂದಿನ ಸಂಚಿಕೆಯಲ್ಲಿ ತಿಳಿಸಿದ್ದೆ. ಅದನ್ನು ಮುಂದಕ್ಕೆ ಹಾಕಲು ಕಾರಣಳಾದವಳು ಕುಂದಗೋಳ ತಾಲೂಕಿನ ಹಳ್ಳಿಯೊಂದರ ಸೋದರಿ. ವಯಸ್ಸು ಐವತ್ತರ ಆಚೀಚೆ. ತಗಡಿನ ಟ್ರಂಕಿನ ತಳದಲ್ಲಿ ವರ್ಷಾನುಗಟ್ಟಲೆ ಮಡಿಚಿಟ್ಟಿದ್ದ ಛಾಪಾ ಕಾಗದವೊಂದನ್ನು ಆಕೆ ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆ ಬಿದ್ದಲ್ಲೆಲ್ಲ ಹರಿದು ಅದು ನಾಲ್ಕು ತುಂಡಾಗಿತ್ತು.

“ಕಾಕಾರ, ಇದು ನನ್ನ ಸೋಡಚೀಟಿರಿ. ಐದು ಮಂದಿ ಹಿರ್ಯಾರು ಸಹಿ ಮಾಡ್ಯಾರ. ಆಫೀಸಿನ್ಯಾಗ ಇದನ್ನ ನೋಡಿ, ಇದು ನಡ್ಯಾಂಗಿಲ್ಲ, ಕೋರ್ಟಿನ ಕಾಗದ ತರ್ರಿ ಅಂದ್ರು. ಅದನ್ನ ಎಲ್ಲಿಂದ ತರ್ಲಿರಿ?”

ಆಕೆಯ ತಂದೆ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರು ಲಿಂಗೈಕ್ಯರಾದ ಮೇಲೆ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಕಳೆದ ವರ್ಷ ತಾಯಿಯೂ ತೀರಿಕೊಂಡರು. ತವರಿನಲ್ಲಿಯೇ ಉಳಿದು ಇಬ್ಬರ ಸೇವೆಯನ್ನೂ ಮಾಡಿದ ಈ ಮಗಳ ಕೈಯಲ್ಲಿ ಈಗ ಕೂಲಿಯ ಹೊರತು ಬೇರೆ ಉತ್ಪನ್ನವಿಲ್ಲ. ಕೇಂದ್ರ ಸರ್ಕಾರದ ನೌಕರರ ಅವಲಂಬಿತ ವಿಚ್ಛೇದಿತ ಪುತ್ರಿಗೆ, 25 ವರ್ಷ ದಾಟಿದ್ದರೂ, ಕುಟುಂಬ ಪಿಂಚಣಿ ಸಲ್ಲಬೇಕೆಂಬ ವ್ಯವಸ್ಥೆ 2004ರಲ್ಲಿ ಬಂದಿತು. ಆದರೆ ತಂದೆ ಅಥವಾ ತಾಯಿ ಬದುಕಿದ್ದಾಗಲೇ ವಿಚ್ಛೇದನವಾಗಿರಬೇಕು. ಕೊನೆಯ ಪಕ್ಷ ಅವರು ಬದುಕಿದ್ದಾಗ ನ್ಯಾಯಾಲಯಕ್ಕೆ ಅರ್ಜಿಯಾದರೂ ಬಿದ್ದಿರಬೇಕು ಎಂಬ ಸಡಿಲಿಕೆ 2017ರದು. ಆದ್ದರಿಂದ ಡಿಕ್ರಿ ಎಂಬ ಕಾಗದ ಮಾತ್ರವಲ್ಲ, ಅದರ ಮೇಲಿರುವ ತಾರೀಖುಗಳೇ ಈ ತಾಯಿಯ ಮುಂದಿನ ಜೀವನದ ಅನ್ನ.

ಸೋಡಚೀಟಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಗುರು-ಹಿರಿಯರ ಸಮ್ಮುಖದಲ್ಲಿ ಬಿಡುಗಡೆಯಾಗಿ, ಮುಂದೆ ಉಡಿಕಿಯಾಗಿ, ಗೌರವದಿಂದ ಬಾಳಿದ ಎಷ್ಟೋ ಹೆಣ್ಣುಮಕ್ಕಳನ್ನು ನಮ್ಮ ಭಾಗ ಕಂಡಿದೆ. 1955ರ ಹಿಂದೂ ವಿವಾಹ ಕಾಯಿದೆ ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ನಮ್ಮನ್ನು ಒಳಗೊಂಡಿದೆ. ಅದೇ ಕಾಯಿದೆಯ 29ನೆಯ ಕಲಮು ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಅಳಿಸದೆ ಉಳಿಸಿದೆ. ಆದರೆ ತಮ್ಮಲ್ಲಿ ಅಂಥ ರೂಢಿ ಬಹುಕಾಲದಿಂದ ಇದೆಯೆಂಬುದನ್ನು ಹೇಳಿಕೊಂಡವರೇ ಸಾಕ್ಷಿಸಮೇತ ಸಿದ್ಧಪಡಿಸಬೇಕು. ನಮ್ಮ ರಾಜ್ಯದಿಂದ ಹೋದ ಒಂದು ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತವಾಗಿ ಹೇಳಿತು. ಸಹಿ ಮಾಡಿದ ಐವರು ಹಿರಿಯರಲ್ಲಿ ಈಗ ಒಬ್ಬರೂ ಉಳಿದಿಲ್ಲವೆಂದು ಆ ಸೋದರಿ ಹೇಳಿದಾಗ, ಆ ದಾರಿ ಎಷ್ಟು ದುರ್ಗಮವೆಂಬುದು ನನಗೆ ಮನವರಿಕೆಯಾಯಿತು.

ಮಾತಿಗೆ ಮಾತು ಬಂದು ಆಕೆ ಇನ್ನೊಂದು ವಿಷಯವನ್ನು ನೆನಪಿಸಿಕೊಂಡಳು. ಸೋಡಚೀಟಿಯಾದ ಮೇಲೆ ತಂದೆಯವರು, ಕೋರ್ಟಿನ ಮುದ್ರೆಯೂ ಬೀಳಲಿ ಎಂದು ವಕೀಲರೊಬ್ಬರ ಸಲಹೆಯಂತೆ ಮಗಳನ್ನೂ ಅಳಿಯನನ್ನೂ ಕೂಡಿಸಿ ಅರ್ಜಿ ಕೊಡಿಸಿದ್ದರು. ತಾನು ಎರಡು ಸಲ ಹೋಗಿ ಸಹಿ ಮಾಡಿ ಬಂದದ್ದು ಆಕೆಗೆ ನೆನಪಿತ್ತು. ಯಾವ ವರ್ಷ? “ಬೆಣ್ಣಿಹಳ್ಳ ಹೊಲಕ್ಕ ನುಗ್ಗಿದ ಮರುವರ್ಷ.” ಯಾವ ಊರು? ಅದು ನೆನಪಿಲ್ಲ. ಅಪ್ಪ ಕರೆದುಕೊಂಡು ಹೋದ, ತಾನು ತಲೆ ತಗ್ಗಿಸಿಕೊಂಡು ಹೋದೆ, ಬಂದೆ ಎಂದಳು. ಆ ವಕೀಲರೂ ಈಗಿಲ್ಲ.

ತಮ್ಮದು ಕುಂದಗೋಳ ತಾಲೂಕು ಎಂದು ಆಕೆ ಎರಡು ವಾರ ಕುಂದಗೋಳದ ನ್ಯಾಯಾಲಯಕ್ಕೆ ಅಲೆದಿದ್ದಳು. ಇಲ್ಲಿ ಇಲ್ಲವೆಂದು ಅಲ್ಲಿಯ ಸಿಬ್ಬಂದಿ ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಹಳ್ಳಿಗಳ ಜನ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ವಿಚ್ಛೇದನದ ಅರ್ಜಿ ಎಲ್ಲಿ ಬೀಳಬೇಕೆಂಬುದನ್ನು ತವರಿನ ತಾಲೂಕು ನಿರ್ಧರಿಸುವುದಿಲ್ಲ. ಕಾಯಿದೆಯ 19ನೆಯ ಕಲಮು ನಿರ್ಧರಿಸುತ್ತದೆ. ಮದುವೆ ನಡೆದ ಊರು, ಎದುರುದಾರರು ವಾಸಿಸುವ ಊರು, ದಂಪತಿಗಳು ಕೊನೆಯದಾಗಿ ಕೂಡಿ ಬಾಳಿದ ಊರು, ಇವುಗಳಲ್ಲಿ ಒಂದು ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿದೆಯೋ ಅಲ್ಲಿ ಅರ್ಜಿ ಹಾಕಬೇಕು. ಹೆಂಡತಿಯೇ ಅರ್ಜಿದಾರಳಾಗಿದ್ದರೆ ತಾನಿರುವ ಊರಿನ ವ್ಯಾಪ್ತಿಯಲ್ಲಿಯೂ ಹಾಕಬಹುದೆಂಬ ಅನುಕೂಲ ಬಂದದ್ದು 2003ರ ತಿದ್ದುಪಡಿಯಿಂದ. ಆದುದರಿಂದ ಅದಕ್ಕೂ ಹಿಂದಿನ ಪ್ರಕರಣವಾದರೆ ತವರೂರಿನ ಕಡೆ ಹುಡುಕುವುದಕ್ಕಿಂತ ಮೊದಲು ಉಳಿದ ಮೂರು ಊರುಗಳನ್ನು ವಿಚಾರಿಸುವುದು ಜಾಣತನ.

ಇನ್ನೊಂದು ತೊಡಕು ಉಂಟು. ತಾಲೂಕಿನ ಎಲ್ಲ ನ್ಯಾಯಾಲಯಗಳಿಗೂ ಈ ಅರ್ಜಿಗಳನ್ನು ವಿಚಾರಿಸುವ ಅಧಿಕಾರ ಇರುವುದಿಲ್ಲ. ಅದು ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರ ಅಧಿಸೂಚನೆಯಿಂದ ಅಧಿಕಾರ ಕೊಟ್ಟ ನ್ಯಾಯಾಲಯಕ್ಕೆ ಸೇರಿದ್ದು. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಇವುಗಳನ್ನು ನೋಡುತ್ತಾರೆ. ಕೌಟುಂಬಿಕ ನ್ಯಾಯಾಲಯವಿರುವ ಕಡೆ ಪ್ರಕರಣ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಹಳೆಯ ಪ್ರಕರಣವಾದರೆ, ಆ ವರ್ಷ ನವಲಗುಂದಕ್ಕೋ ಕಲಘಟಗಿಗೋ ಸಂಬಂಧಿಸಿದ ವೈವಾಹಿಕ ಅರ್ಜಿಗಳನ್ನು ಯಾವ ನ್ಯಾಯಾಲಯ ನೋಡುತ್ತಿತ್ತು ಎಂದು ಕೇಳಬೇಕೇ ಹೊರತು, ಇಂದು ಯಾವುದು ನೋಡುತ್ತದೆ ಎಂದಲ್ಲ. ಅಣ್ಣಿಗೇರಿಯವರು ತಮ್ಮ ಊರು ಪ್ರತ್ಯೇಕ ತಾಲೂಕಾಗುವ ಮೊದಲು ನವಲಗುಂದ ತಾಲೂಕಿನಲ್ಲಿತ್ತೆಂಬುದನ್ನು ನೆನಪಿಡಬೇಕು. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾದವು. ಅದಕ್ಕೆ ಮೊದಲಿನ ಪ್ರಕರಣವೊಂದರಲ್ಲಿ ಗಂಡನ ಊರು ರೋಣವೋ ಸವಣೂರೋ ಆಗಿದ್ದರೆ ಧಾರವಾಡವನ್ನೂ ಬಿಡದೆ ವಿಚಾರಿಸಬೇಕು. ಮೇಲ್ಮನವಿಗೆ ಹೋದ ಪ್ರಕರಣವಾದರೆ ಇನ್ನೂ ಒಂದು ಗೆರೆ: ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆರಂಭವಾದದ್ದು 2008ರ ಜುಲೈಯಲ್ಲಿ. ಅದಕ್ಕೂ ಹಿಂದೆ ತೀರ್ಮಾನವಾದ ಮೇಲ್ಮನವಿ ಬೆಂಗಳೂರಿನದು.

ನಮ್ಮ ಜಿಲ್ಲೆಯ ಹಿರಿಯರಿಗೆ ಒಂದು ವಿಷಯ ಕುತೂಹಲಕರವೆನಿಸಬಹುದು. ಧಾರವಾಡ ಅಂದು ಮುಂಬಯಿ ಪ್ರಾಂತದಲ್ಲಿದ್ದುದರಿಂದ, 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯಿದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಅಂದರೆ 1955ಕ್ಕೂ ಹಿಂದೆಯೇ ನಮ್ಮ ಭಾಗದ ಹೆಣ್ಣುಮಗಳು ನ್ಯಾಯಾಲಯದ ಬಾಗಿಲು ಬಡಿಯಬಹುದಾಗಿತ್ತು. ಎಷ್ಟು ಜನ ಬಡಿದರೋ, ಆ ಮಾತು ಬೇರೆ.

ನಮ್ಮ ಸೋದರಿಯ ಕತೆಗೆ ಮರಳೋಣ. ಮನೆಗೆ ಹೋಗಿ ತಂದೆಯ ಹಳೆಯ ಪಂಚಾಂಗಗಳನ್ನು ತೆಗೆದು ನೋಡಲು ಹೇಳಿದೆ. ನಮ್ಮ ಹಿರಿಯರು ಎಮ್ಮೆ ಈದದ್ದನ್ನೂ ಬೀಜ ಬಿತ್ತಿದ್ದನ್ನೂ ಪಂಚಾಂಗದ ಅಂಚಿನಲ್ಲಿ ಗುರುತು ಹಾಕುವವರು. ಮೂರನೆಯ ದಿನ ಆಕೆ ಬಂದಳು. 1999ರ ಪಂಚಾಂಗದ ಒಂದು ಪುಟದಲ್ಲಿ, 2000ದ ಪಂಚಾಂಗದ ಇನ್ನೊಂದರಲ್ಲಿ ಪೆನ್ಸಿಲ್ಲಿನಿಂದ “ಹು. ಕೋರ್ಟು” ಎಂದು ಬರೆದಿತ್ತು. ಎರಡು ತಾರೀಖುಗಳ ನಡುವೆ ಏಳು ತಿಂಗಳ ಅಂತರ. ಪರಸ್ಪರ ಒಪ್ಪಿಗೆಯ ಅರ್ಜಿಗೆ ಕಾಯಿದೆಯ 13-ಬಿ ಕಲಮು ಆರು ತಿಂಗಳ ಕಾಯುವಿಕೆಯನ್ನು ವಿಧಿಸುವುದರಿಂದ ಲೆಕ್ಕ ಸರಿಹೊಂದಿತು. ಮದುವೆಯಾದ ಮೇಲೆ ದಂಪತಿಗಳು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದರೆಂಬುದನ್ನು ಆಕೆ ಆಗ ಹೇಳಿದಳು. ಮೊದಲೇ ಹೇಳಿದ್ದರೆ ಅರ್ಧ ದಾರಿ ಉಳಿಯುತ್ತಿತ್ತು; ಆದರೆ ನಾನೂ ಕೇಳಿರಲಿಲ್ಲ.

ಹುಬ್ಬಳ್ಳಿಯ ನ್ಯಾಯಾಲಯಗಳ ಹೊಸ ಸಂಕೀರ್ಣ 2018ರಲ್ಲಿ ಉದ್ಘಾಟನೆಯಾಗಿದೆ. ಅಲ್ಲಿಗೆ ಹೋಗಿ ಗಂಡ-ಹೆಂಡತಿಯ ಹೆಸರು ಹಾಗೂ ಆ ಎರಡು ತಾರೀಖುಗಳನ್ನು ಕೊಟ್ಟು, ವೈವಾಹಿಕ ಪ್ರಕರಣಗಳ ನೋಂದಣಿ ಪುಸ್ತಕದಲ್ಲಿ ಹುಡುಕಿಸಿಕೊಡುವಂತೆ ಅರ್ಜಿ ಬರೆದುಕೊಟ್ಟೆವು. ಈಚಿನ ಪ್ರಕರಣಗಳಾದರೆ ಇಷ್ಟು ಶ್ರಮ ಬೇಡ. ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರಿನಿಂದ, ಇಲ್ಲವೆ ಪ್ರತಿ ಪ್ರಕರಣಕ್ಕೂ ಇರುವ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯಿಂದ ಹುಡುಕಬಹುದು. ಹಳೆಯದು ಗಣಕಯಂತ್ರದಲ್ಲಿ ಸಿಗಲಿಲ್ಲವೆಂದರೆ ಪ್ರಕರಣವೇ ಇರಲಿಲ್ಲವೆಂದು ತಿಳಿಯಬಾರದು, ಪುಸ್ತಕವನ್ನು ತೆರೆಸಲೇಬೇಕು. ನಮಗೆ ಎಂ.ಸಿ. ಸಂಖ್ಯೆ ಸಿಕ್ಕಿತು. ಆ ಸಂಖ್ಯೆ ದೊರೆತ ಮೇಲೆ ಉಳಿದದ್ದು ಕೇವಲ ತಾಳ್ಮೆಯ ಕೆಲಸ.

ನಕಲು ಶಾಖೆಯಲ್ಲಿ ಕೇಳಬೇಕಾದದ್ದು ‘ಪ್ರಮಾಣಿತ ನಕಲು’. ಬರಿಯ ಜೆರಾಕ್ಸಿಗೆ ಕಚೇರಿಗಳಲ್ಲಿ ಬೆಲೆಯಿಲ್ಲ. ತೀರ್ಪು ಮತ್ತು ಡಿಕ್ರಿ ಎರಡು ಬೇರೆ ಕಾಗದಗಳು. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ವಿವಾಹ ವಿಸರ್ಜನೆಯಾಯಿತೆಂಬ ಆದೇಶವಿರುತ್ತದೆ. ಎರಡಕ್ಕೂ ಒಂದೇ ಸಲ ಅರ್ಜಿ ಕೊಡುವುದು ಲೇಸು. ಪ್ರಕರಣದ ಸಂಖ್ಯೆ, ವರ್ಷ, ಪಕ್ಷಗಾರರ ಹೆಸರು, ತೀರ್ಪಿನ ದಿನಾಂಕ, ತಾವು ಯಾವ ಪಕ್ಷಗಾರರೆಂಬುದು, ಎಷ್ಟು ಪ್ರತಿ ಬೇಕೆಂಬುದು, ಇಷ್ಟು ಬರೆದು ಕೋರ್ಟ್ ಫೀ ಮುದ್ರಾಂಕ ಹಚ್ಚಿ, ನಕಲಿನ ಶುಲ್ಕ ತುಂಬಿ ರಶೀದಿ ಪಡೆಯಬೇಕು. ಗುರುತಿನ ಚೀಟಿ ಜೊತೆಗಿರಲಿ. ಹೆಣ್ಣುಮಕ್ಕಳು ವಕೀಲರ ಫೀಜಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ತಾಲೂಕು ನ್ಯಾಯಾಲಯದಲ್ಲಿಯೇ ತಾಲೂಕು ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು.

ಇದೆಲ್ಲ ಕಳೆದುಹೋದ ಕಾಗದದ ಮಾತು. ವಿಚ್ಛೇದನದ ಡಿಕ್ರಿಯಾದ ಪ್ರತಿಯೊಂದು ಪ್ರಕರಣದಲ್ಲಿಯೂ ನ್ಯಾಯಾಲಯ ಇಬ್ಬರು ಪಕ್ಷಗಾರರಿಗೂ ಅದರ ಒಂದೊಂದು ನಕಲನ್ನು ಪುಕ್ಕಟೆಯಾಗಿ ಕೊಡತಕ್ಕದ್ದೆಂದು 23ನೆಯ ಕಲಮಿನ 4ನೆಯ ಉಪಕಲಮು 1976ರಿಂದ ಹೇಳುತ್ತಿದೆ. ಈ ಉಪಕಲಮು ನಮ್ಮ ಹಳ್ಳಿಗಳಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತಿದೆ? ಪ್ರತಿ ತಂದೆಯ ಕೈಯಲ್ಲಿಯೋ ಅಣ್ಣನ ಕೈಯಲ್ಲಿಯೋ ಉಳಿದು, ಅವರ ಕಾಲಾನಂತರ ಅಡಕಿನ ಜೊತೆಗೆ ಒಲೆ ಸೇರುತ್ತದೆ. ಡಿಕ್ರಿ ಯಾರ ಹೆಸರಿನದೋ ಅವರ ಪೆಟ್ಟಿಗೆಯಲ್ಲಿಯೇ ಅದು ಇರಬೇಕೆಂಬುದು ನನ್ನ ಹಟ.

ಎರಡನೆಯ ಸಂಬಂಧ ನೋಡುವ ಮನೆತನಗಳವರು ನನಗೆ ಆಗಾಗ ಪತ್ರ ಬರೆಯುತ್ತಾರೆ: ವರನಿಗೆ ಮೊದಲ ಮದುವೆಯ ವಿಚ್ಛೇದನವಾಗಿದೆಯಂತೆ, ನ್ಯಾಯಾಲಯಕ್ಕೆ ಹೋಗಿ ನಾವೇ ನೋಡಬಹುದೆ? ಸುಲಭವಾಗಿ ಆಗದು. 22ನೆಯ ಕಲಮಿನಂತೆ ಈ ವಿಚಾರಣೆಗಳು ಮುಚ್ಚಿದ ಬಾಗಿಲೊಳಗೆ ನಡೆಯುತ್ತವೆ, ಅವುಗಳನ್ನು ಪ್ರಕಟಿಸುವುದಕ್ಕೂ ನಿರ್ಬಂಧವಿದೆ. ಹೊರಗಿನವರು ನಕಲು ಬೇಡಿದರೆ ಪ್ರಮಾಣಪತ್ರದೊಡನೆ ಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿಯೂ ಇದಕ್ಕೆ ದಾರಿಯಲ್ಲ. ನ್ಯಾಯಾಲಯದ ಕಾಗದಗಳನ್ನು ನ್ಯಾಯಾಲಯದ ನಿಯಮಗಳಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿದೆ. ವರನ ಕಡೆಯವರನ್ನೇ ಸಂಕೋಚವಿಲ್ಲದೆ ಕೇಳಿರಿ. ಪ್ರಮಾಣಿತ ನಕಲನ್ನು ತಾನೇ ತಂದು ತೋರಿಸಲು ಒಲ್ಲದವನ ಮನೆಗೆ ಮಗಳನ್ನು ಕೊಡುವ ಅವಸರವೇನಿದೆ? ಡಿಕ್ರಿ ಇದ್ದರೂ ಮೇಲ್ಮನವಿಯ ಅವಧಿ ಮುಗಿದಿದೆಯೆ, ಮೇಲ್ಮನವಿ ಬಾಕಿ ಇದೆಯೆ ಎಂಬುದನ್ನು ವಕೀಲರಿಂದ ತಿಳಿದುಕೊಳ್ಳಬೇಕು. ಮೊದಲ ಮದುವೆ ಊರ್ಜಿತವಿದ್ದಾಗ ಆದ ಎರಡನೆಯ ಮದುವೆ ಕಾಯಿದೆಯ ದೃಷ್ಟಿಯಲ್ಲಿ ಮದುವೆಯೇ ಅಲ್ಲ.

ಇದಕ್ಕೂ ಕಠಿಣವಾದ ಸಂಗತಿ ಏಕಪಕ್ಷೀಯ ಡಿಕ್ರಿಯದು. ನೋಟೀಸು ತವರಿಗೆ ಮುಟ್ಟದೆಯೇ ತನ್ನ ವಿವಾಹ ವಿಸರ್ಜನೆಯಾಗಿದೆಯೆಂಬ ಸುದ್ದಿಯನ್ನು ಸಂತೆಯಲ್ಲಿ ಕೇಳಿದ ಹೆಣ್ಣುಮಗಳೂ ನನ್ನಲ್ಲಿಗೆ ಬಂದದ್ದುಂಟು. ಅಂಥವರು ಒಂದು ದಿನವನ್ನೂ ಕಳೆಯಬಾರದು. ಆ ಡಿಕ್ರಿಯನ್ನು ರದ್ದುಪಡಿಸಲು, ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ, ವಿಷಯ ತಿಳಿದ ದಿನದಿಂದ 30 ದಿನಗಳ ಅವಧಿ ಮಾತ್ರ ಇದೆ. ನಕಲಿಗಾಗಿ ಆ ದಿನವೇ ಅರ್ಜಿ ಕೊಡಬೇಕು, ವಕೀಲರನ್ನೂ ಆ ದಿನವೇ ಕಾಣಬೇಕು.

ಕುಂದಗೋಳ ಕಡೆಯ ಸೋದರಿಗೆ ಮೂರು ಪ್ರಮಾಣಿತ ಪ್ರತಿಗಳು ದೊರೆತವು. ಡಿಕ್ರಿಯ ವರ್ಷ 2000. ತಂದೆ ಲಿಂಗೈಕ್ಯರಾದದ್ದು 2008ರಲ್ಲಿ. ಒಂದು ಪ್ರತಿಯನ್ನು ಲಗತ್ತಿಸಿ ಪಿಂಚಣಿಯ ಅರ್ಜಿ ಸಲ್ಲಿಸಿದ್ದಾಳೆ, ಉತ್ತರ ಇನ್ನೂ ಬರಬೇಕಾಗಿದೆ. ಹರಿದ ಸೋಡಚೀಟಿಯನ್ನು ಇನ್ನು ಎಸೆಯಬಹುದೇ ಎಂದು ಕೇಳಿದಳು. ಅದರಲ್ಲಿ ತಂದೆಯ ಸಹಿ ಇದೆ, ಇರಲಿ ಬಿಡವ್ವಾ ಎಂದೆ.

ವಾರಸಾ ಪತ್ರದ ವಿಷಯ ಮುಂದಿನ ಸಂಚಿಕೆಗೆ.