ಬಾಗಿಲು ಹಾಕುವ ಖರ್ಚು ಯಾರ ಲೆಕ್ಕಕ್ಕೆ?



ಬಾವಿ ತೋಡಿಸುವಾಗ ನಾವು ಲೆಕ್ಕ ಹಾಕುತ್ತೇವೆ. ತೋಡಿದ ಕೂಲಿ ಇಷ್ಟು, ಕಲ್ಲು ಕಟ್ಟಿಸಿದ್ದು ಇಷ್ಟು, ಪಂಪ್‌ಸೆಟ್ಟಿಗೆ ಇಷ್ಟು, ಸೊಸೈಟಿ ಸಾಲದ ಬಡ್ಡಿ ಇಷ್ಟು. ಆದರೆ ಬತ್ತಿದ ಮೇಲೆ ಅದನ್ನು ಮುಚ್ಚಿಸೋದಕ್ಕೆ ಎಷ್ಟಾಗುತ್ತದೆ ಅಂತ ಯಾರೂ ಬರೆದಿಡುವುದಿಲ್ಲ. ಬತ್ತಿದ ಬಾವಿ ಬಾಯಿ ತೆರೆದುಕೊಂಡು ಹಾಗೇ ಬಿದ್ದಿರುತ್ತದೆ. ದನವೋ ಕರುವೋ ಬಿದ್ದ ದಿನ ನಮಗೆ ನೆನಪಾಗುತ್ತದೆ.

ನಮ್ಮದು ಸಣ್ಣ ಬಾವಿ. ಸಾವಿರಾರು ಕೋಟಿ ಸುರಿದು ಕಟ್ಟುವ ಅಣುವಿದ್ಯುತ್ ಸ್ಥಾವರಕ್ಕೂ ಆಯುಸ್ಸು ಅಂತ ಒಂದಿದೆ. ಒಂದು ದಿನ ಅದನ್ನೂ ನಿಲ್ಲಿಸಬೇಕು, ಬಿಚ್ಚಬೇಕು, ನೆಲ ಚೊಕ್ಕಟ ಮಾಡಬೇಕು. ಶಂಕುಸ್ಥಾಪನೆಗೆ ಮಂತ್ರಿಗಳು ಬರುತ್ತಾರೆ, ಹಾರ ತುರಾಯಿ ಇರುತ್ತದೆ, ಭಾಷಣ ಇರುತ್ತದೆ. ಬಾಗಿಲು ಹಾಕುವ ದಿನ ಯಾರು ಬರುತ್ತಾರೆ ಸ್ವಾಮಿ? ಆ ದಿನ ಅಲ್ಲಿ ಉಳಿಯುವವರು ಊರಿನವರು ಮಾತ್ರ.

ಅಣುವಿದ್ಯುತ್ ಬೇಕೋ ಬೇಡವೋ ಅನ್ನುವ ಜಗಳ ಬೇರೆ. ಅದನ್ನು ಇನ್ನೊಂದು ದಿನ ಆಡೋಣ. ಇವತ್ತಿನ ಮಾತು ಬರೀ ಜಮಾಖರ್ಚಿನದು. ಬಾಗಿಲು ಹಾಕುವ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ? ಇದಕ್ಕೆ ಉತ್ತರ ಬೇಕಾದರೆ ಬಾಗಿಲು ಹಾಕಿಸಿಕೊಂಡ ಊರನ್ನೇ ನೋಡಬೇಕು.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಅಂತ ಒಂದು ರಾಜ್ಯ. ಅಲ್ಲಿ ವಿಸ್ಕಾಸೆಟ್ ಎಂಬುದು ನಾಲ್ಕು ಸಾವಿರ ಜನವೂ ಇಲ್ಲದ ಊರು. 1972ರಲ್ಲಿ ಅಲ್ಲಿ ‘ಮೇನ್ ಯಾಂಕಿ’ ಎಂಬ ಅಣುಸ್ಥಾವರ ಶುರುವಾಯಿತು. ಸುಮಾರು 900 ಮೆಗಾವಾಟ್, ಅಂದರೆ ನಮ್ಮ ಕೈಗಾದ ನಾಲ್ಕೂ ಘಟಕ ಸೇರಿದರೆ ಎಷ್ಟೋ ಹೆಚ್ಚೂಕಡಿಮೆ ಅಷ್ಟು. ನೂರಾರು ಜನಕ್ಕೆ ಒಳ್ಳೆ ಸಂಬಳದ ಕೆಲಸ ಸಿಕ್ಕಿತು. ಊರಿಗೆ ಬರುತ್ತಿದ್ದ ಆಸ್ತಿ ತೆರಿಗೆಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಈ ಸ್ಥಾವರ ಒಂದೇ ಕಟ್ಟುತ್ತಿತ್ತು. ಉಳಿದವರು ಕಟ್ಟಿದ್ದು ಚಿಲ್ಲರೆ ಕಾಸು. ಶಾಲೆ, ರಸ್ತೆ, ಊರಿನ ಸವಲತ್ತು ಎಲ್ಲ ಆ ದುಡ್ಡಿನ ಮೇಲೇ ನಡೆಯುತ್ತಿತ್ತು. ಸ್ಥಾವರ ಮುಚ್ಚಬೇಕೇ ಅಂತ 1980, 1982, 1987ರಲ್ಲಿ ಮೂರು ಸಲ ಇಡೀ ರಾಜ್ಯದ ಜನರ ಮತ ಕೇಳಿದರು. ಮೂರು ಸಲವೂ ಜನ ಬೇಡ, ನಡೆಯಲಿ ಅಂದರು.

ಜನ ಮುಚ್ಚಲಿಲ್ಲ. ಲೆಕ್ಕ ಮುಚ್ಚಿತು. 1995ರಲ್ಲಿ ಆವಿ ತಯಾರಿಸುವ ಭಾಗದ ಕೊಳವೆಗಳಲ್ಲಿ ಬಿರುಕು ಕಂಡವು. ಆಮೇಲೆ ಕೇಬಲ್ಲುಗಳಲ್ಲೂ ದೋಷ ಸಿಕ್ಕಿತು. 1996ರ ಡಿಸೆಂಬರಿನಲ್ಲಿ ನಿಂತ ಯಂತ್ರ ಮತ್ತೆ ತಿರುಗಲೇ ಇಲ್ಲ. ರಿಪೇರಿ ಮಾಡಿ ನಡೆಸುವುದು ಲಾಭವಲ್ಲ ಅಂತ 1997ರ ಆಗಸ್ಟಿನಲ್ಲಿ ಮಾಲೀಕ ಕಂಪನಿಗಳು ಶಾಶ್ವತವಾಗಿ ಮುಚ್ಚಿಬಿಟ್ಟವು. ಲೈಸೆನ್ಸು 2008ರವರೆಗೆ ಇತ್ತು. ಹನ್ನೊಂದು ವರ್ಷ ಮೊದಲೇ ಬಾಗಿಲು ಬಿತ್ತು. ತೀರ್ಮಾನ ಮಾಡಿದ ಮೇಜಿನ ಮುಂದೆ ವಿಸ್ಕಾಸೆಟ್ಟಿನ ಪಂಚಾಯಿತಿಗೆ ಕುರ್ಚಿ ಇರಲಿಲ್ಲ.

ಮುಂದೆ ಆದದ್ದನ್ನು ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಬೆಳೆ ನಂಬಿದವನ ಬೆಳೆಗೆ ರೋಗ ಬಿದ್ದರೆ ಏನಾಗುತ್ತದೋ ಅದೇ ಆಯಿತು. ತೊಂಬತ್ತು ಪಾಲು ಕಟ್ಟುತ್ತಿದ್ದವನು ಕೈಯೆತ್ತಿದ. ಶಾಲೆ ರಸ್ತೆಗಳ ಖರ್ಚು ಹಾಗೇ ನಿಂತಿತ್ತು. ಉಳಿದ ಮನೆಗಳವರ ತೆರಿಗೆ ಹಲವು ಪಟ್ಟು ಏರಿತು. ಕೆಲಸ ಬಲ್ಲವರು ಬೇರೆ ಸ್ಥಾವರ ಹುಡುಕಿಕೊಂಡು ಊರು ಬಿಟ್ಟರು. ಅವರ ಮಕ್ಕಳೂ ಹೋದರು, ಶಾಲೆಯ ಬೆಂಚು ಖಾಲಿಯಾದವು. ಮನೆ ಜಮೀನು ಹೊತ್ತುಕೊಂಡು ಹೋಗಲಾಗದವರು ಉಳಿದರು. ಎಲ್ಲೇ ಆಗಲಿ, ಉಳಿಯುವವರು ಅವರೇ.

ಬಿಚ್ಚುವ ಕೆಲಸಕ್ಕೆ 1997ರಿಂದ 2005ರವರೆಗೆ ಎಂಟು ವರ್ಷ ಹಿಡಿಯಿತು. 2003ರಲ್ಲಿ ಅಣುಕುಲುಮೆಯ ದೊಡ್ಡ ಉಕ್ಕಿನ ಪಾತ್ರೆಯನ್ನು ದೋಣಿಯ ಮೇಲೆ ಹೇರಿ, ಸಮುದ್ರದ ದಾರಿಯಲ್ಲಿ ದೂರದ ಸೌತ್ ಕ್ಯಾರೊಲಿನಾ ರಾಜ್ಯಕ್ಕೆ ಸಾಗಿಸಿದರು. 2004ರಲ್ಲಿ ಗುಮ್ಮಟವನ್ನು ಸಿಡಿಮದ್ದು ಇಟ್ಟು ಉರುಳಿಸಿದರು. ಖರ್ಚು 50 ಕೋಟಿ ಡಾಲರಿಗೂ ಮೇಲೆ. ದುಡ್ಡು ಬಂದದ್ದು ಕರೆಂಟು ಬಳಸುವವರ ಬಿಲ್ಲಿನಿಂದಲೇ.

ಇಲ್ಲಿ ಊರಿನವರು ಮಾಡಿದ ಒಂದು ಕೆಲಸವನ್ನು ನಾವು ಗಮನಿಸಬೇಕು. ಅವರು ಕೈಕಟ್ಟಿ ಕೂರಲಿಲ್ಲ. ಒಡೆದ ಕಾಂಕ್ರೀಟು ಚೂರನ್ನು ಅಲ್ಲೇ ನೆಲಮಾಳಿಗೆಯಲ್ಲಿ ತುಂಬಿ ಮುಚ್ಚುತ್ತೇವೆ ಅಂತ ಕಂಪನಿ ಹೊರಟಿತ್ತು. ಜನ ಒಪ್ಪಲಿಲ್ಲ. ಸ್ಥಳೀಯರ ಸಲಹಾ ಸಮಿತಿ ಇತ್ತು, ಪ್ರಶ್ನೆಗಳು ಎದ್ದವು. ವಿಕಿರಣವನ್ನು ಮಿಲಿರೆಮ್ ಲೆಕ್ಕದಲ್ಲಿ ಅಳೆಯುತ್ತಾರೆ. ಬಿಟ್ಟುಹೋಗುವ ನೆಲದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ 25 ಮಿಲಿರೆಮ್‌ವರೆಗೆ ತಾಗಬಹುದು ಅಂತ ದಿಲ್ಲಿಯಂಥ ಅವರ ವಾಷಿಂಗ್ಟನ್ ಹೇಳಿತ್ತು. 2000ದಲ್ಲಿ ಮೇನ್ ರಾಜ್ಯ ತನ್ನದೇ ಕಾನೂನು ಮಾಡಿತು: 10ಕ್ಕಿಂತ ಹೆಚ್ಚು ಕೂಡದು, ಅದರಲ್ಲಿ ಅಂತರ್ಜಲದಿಂದ 4 ಮೀರಕೂಡದು. ಕೊನೆಗೆ ಕಂಪನಿ ಆ ಚೂರನ್ನೆಲ್ಲ ತುಂಬಿಕೊಂಡು ಹೊರಗೆ ಸಾಗಿಸಬೇಕಾಯಿತು. ಕೇಳಿದವರಿಗೆ ಇಷ್ಟಾದರೂ ಸಿಕ್ಕಿತು. ಕೇಳದೇ ಇದ್ದಿದ್ದರೆ?

ಆದರೂ ಲೆಕ್ಕ ಮುಗಿಯಲಿಲ್ಲ. ಉರಿದ ಇಂಧನ ಅಲ್ಲೇ ಇದೆ. ಕಾಂಕ್ರೀಟು ಉಕ್ಕಿನ 64 ದೊಡ್ಡ ಪೀಪಾಯಿಗಳು, ಬೇಲಿಯೊಳಗೆ, ಹಗಲೂ ರಾತ್ರಿ ಪಹರೆ. ಇಂಧನವನ್ನು 1998ರಿಂದ ಒಯ್ಯುತ್ತೇವೆ ಅಂತ ಕೇಂದ್ರ ಸರ್ಕಾರ ಒಪ್ಪಂದ ಬರೆದುಕೊಟ್ಟಿತ್ತು, ಅದಕ್ಕಾಗಿ ಗ್ರಾಹಕರಿಂದ ದುಡ್ಡನ್ನೂ ವಸೂಲು ಮಾಡಿತ್ತು. ಇಟ್ಟುಕೊಳ್ಳಲು ಜಾಗವೇ ತೀರ್ಮಾನವಾಗಲಿಲ್ಲ. ಕಾವಲಿಗೆ ವರ್ಷಕ್ಕೆ ಒಂದು ಕೋಟಿ ಡಾಲರಿನಷ್ಟು ಖರ್ಚು. ಕಂಪನಿ ಕೋರ್ಟಿಗೆ ಹೋಗಿ ಗೆದ್ದಿತು. ಸರ್ಕಾರ ಪರಿಹಾರ ಕಟ್ಟಿತು, ಅಂದರೆ ಜನರ ತೆರಿಗೆ ದುಡ್ಡಿನಿಂದ ಕಟ್ಟಿತು. ಒಂದು ಯೂನಿಟ್ ಕರೆಂಟೂ ಹುಟ್ಟದ ಜಾಗಕ್ಕೆ ವರ್ಷ ವರ್ಷ ಬಡ್ಡಿ. ಅಸಲು ತೀರಿಸುವವರು ಯಾರು ಅಂತ ಮಾತ್ರ ಗೊತ್ತಿಲ್ಲ. ಸಾಲದ ರುಚಿ ಬಲ್ಲ ನಮಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕೇ?

ಇದು ಒಂದೇ ಊರಿನ ಗ್ರಹಚಾರವೂ ಅಲ್ಲ. ವರ್ಮಾಂಟ್ ರಾಜ್ಯದ ವರ್ನನ್ ಎಂಬ ಸಣ್ಣ ಊರಿನಲ್ಲಿದ್ದ ಸ್ಥಾವರ 2014ರ ಡಿಸೆಂಬರಿನಲ್ಲಿ ನಿಂತಿತು. ಮುಚ್ಚುತ್ತದೆ ಅಂತ ತಿಳಿದಾಗಲೇ ಊರಿನವರು ಖರ್ಚು ತಾಳದೆ ತಮ್ಮ ಪೊಲೀಸ್ ಇಲಾಖೆಯನ್ನೇ ಕೈಬಿಟ್ಟರು.

ಅಮೆರಿಕದ ಕಥೆ ನಮಗ್ಯಾಕೆ ಅನ್ನಬೇಡಿ. ಉತ್ತರ ಕನ್ನಡದ ಕೈಗಾದಲ್ಲಿ 2000ದಿಂದ 2011ರೊಳಗೆ 220 ಮೆಗಾವಾಟಿನ ನಾಲ್ಕು ಘಟಕ ಶುರುವಾದವು. ತಲಾ 700 ಮೆಗಾವಾಟಿನ ಇನ್ನೆರಡಕ್ಕೆ 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 1980ರ ದಶಕದಲ್ಲಿ ಶಿವರಾಮ ಕಾರಂತರು ಮುಂದೆ ನಿಂತು ವಿರೋಧಿಸಿದಾಗ ಎದ್ದದ್ದು ಕಟ್ಟಬೇಕೇ ಬೇಡವೇ ಅನ್ನುವ ಪ್ರಶ್ನೆ. ಕಟ್ಟಿದ್ದಾಯಿತು. ಈಗ ಎತ್ತಬೇಕಾದದ್ದು ಬಿಚ್ಚುವ ದಿನದ ಪ್ರಶ್ನೆ.

ನಮ್ಮ ದೇಶದಲ್ಲಿ ಇದಕ್ಕಾಗಿ ಅಣುವಿದ್ಯುತ್ತಿನ ದರದಲ್ಲಿ ಯೂನಿಟ್ಟಿಗೆ 2 ಪೈಸೆ ಎತ್ತಿಡುತ್ತಾರೆ. ಎತ್ತಿಡುವ ಪದ್ಧತಿ ಇದೆ, ಅದು ಒಳ್ಳೆಯದೇ. ಎಷ್ಟಾಗುತ್ತದೆ ನೋಡೋಣ. ಕೈಗಾದ 880 ಮೆಗಾವಾಟ್ ವರ್ಷವೆಲ್ಲ ಒಂದು ಕ್ಷಣವೂ ನಿಲ್ಲದೆ ಓಡಿದರೂ ಹುಟ್ಟುವುದು ಸುಮಾರು 770 ಕೋಟಿ ಯೂನಿಟ್. 2 ಪೈಸೆಯಂತೆ ವರ್ಷಕ್ಕೆ 15 ಕೋಟಿ ರೂಪಾಯಿ. ನಲವತ್ತು ವರ್ಷಕ್ಕೆ 600 ಕೋಟಿ, ಬಡ್ಡಿ ಬೇರೆ. ವಿಸ್ಕಾಸೆಟ್ಟಿನಲ್ಲಿ ಖರ್ಚಾದದ್ದು ಇವತ್ತಿನ ದರದಲ್ಲಿ 4000 ಕೋಟಿ ರೂಪಾಯಿಗೂ ಮೇಲೆ. ಅಲ್ಲಿಯ ಕೂಲಿ ಬೇರೆ, ಇಲ್ಲಿಯದು ಬೇರೆ. ನಮ್ಮಲ್ಲಿ ಉರಿದ ಇಂಧನವನ್ನು ಮತ್ತೆ ಸಂಸ್ಕರಿಸಿ ಬಳಸುವ ಧೋರಣೆಯೂ ಇದೆ. ಆದ್ದರಿಂದ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದೆ ಅಂತ ನಾನು ಹೇಳುವುದಿಲ್ಲ. ಆದರೆ ಸಾಕಾಗುತ್ತದೆಯೇ ಅಂತ ಕೇಳುವ ಹಕ್ಕು ನಮಗಿದೆ. ಇನ್ನೊಂದು ಮಾತು. ಆ 2 ಪೈಸೆ ಯಂತ್ರ ಬಿಚ್ಚುವುದಕ್ಕೆ. ಊರು ಬಿಚ್ಚಿಹೋಗದಂತೆ ನೋಡಿಕೊಳ್ಳುವುದಕ್ಕೆ ಯಾವ ಪೈಸೆ?

ಆದ್ದರಿಂದ ಸ್ಥಾವರದ ಸುತ್ತಲಿನ ಗ್ರಾಮಸಭೆಗಳು ಮೂರು ವಿಷಯ ಕೇಳಲಿ. ಬಿಚ್ಚುವ ನಿಧಿಯಲ್ಲಿ ಎಷ್ಟು ಜಮೆ ಆಗಿದೆ, ಎಷ್ಟು ಬೇಕಾಗುತ್ತದೆ ಅಂತ ಪ್ರತಿ ವರ್ಷ ಪಂಚಾಯಿತಿಯ ಬೋರ್ಡಿಗೆ ಕನ್ನಡದಲ್ಲಿ ಹಚ್ಚಲಿ. ಸ್ಥಾವರ ನಡೆಯುವಾಗಲೇ ಊರಿನ ಹೆಸರಿನಲ್ಲಿ ಬೇರೆ ಖಾತೆ ತೆರೆದು ದುಡ್ಡು ಹಾಕಲಿ, ಬಾಗಿಲು ಬಿದ್ದ ಮೇಲೂ ಹತ್ತು ಹದಿನೈದು ವರ್ಷ ಶಾಲೆ ಆಸ್ಪತ್ರೆ ನಡೆಯುವಷ್ಟು. ಮುಚ್ಚುವ ವಿಚಾರ, ಕಸ ಇಡುವ ವಿಚಾರ ತೀರ್ಮಾನವಾಗುವ ಮೇಜಿನ ಮುಂದೆ ಊರಿನವರಿಗೂ ಕುರ್ಚಿ ಹಾಕಲಿ.

ಇದನ್ನು ಯಂತ್ರ ಓಡುತ್ತಿರುವಾಗಲೇ ಕೇಳಬೇಕು. ಹಾಲು ಕರೆಯುವ ಎಮ್ಮೆಗೆ ಎಲ್ಲರೂ ಹುಲ್ಲು ಹಾಕುತ್ತಾರೆ. ಬತ್ತಿದ ಮೇಲೆ ಹಗ್ಗ ಯಾರ ಕೈಗೆ ಬರುತ್ತದೆ ಅನ್ನುವುದನ್ನು ಈಗಲೇ ಬರೆಸಿಕೊಳ್ಳಿ.