ಆಪ್ಷನ್ ಮಾರೋರೇ, ಮಾರ್ಜಿನ್ ಇದೆ ಅಂತ ಲಾಟ್ ಏರಿಸಬೇಡಿ

ಪುಟ್ ಆಪ್ಷನ್ ಮಾರೋದು ಅಂದ್ರೆ, ಮಾರ್ಕೆಟ್ ಬಿದ್ದರೆ ನಷ್ಟ ನಾನು ಕಟ್ಟಿಕೊಡ್ತೀನಿ ಅಂತ ಒಪ್ಪಿ ಮೊದಲೇ ಪ್ರೀಮಿಯಂ ತಗೊಳ್ಳೋದು. ಮಾರ್ಕೆಟ್ ಅಲ್ಲಾಡದಿದ್ದರೆ ವಾರ ವಾರ ದುಡ್ಡು, ಮಳಿಗೆ ಬಾಡಿಗೆ ಬಂದ ಹಾಗೆ.

2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ. ಎಕ್ಸಿಟ್ ಪೋಲ್ ನಂಬಿ ಹಿಂದಿನ ದಿನ ಶೇ. 3ಕ್ಕೂ ಹೆಚ್ಚು ಏರಿದ್ದ ನಿಫ್ಟಿ ಅವತ್ತು 1,379 ಪಾಯಿಂಟ್, ಹತ್ತಿರ ಹತ್ತಿರ ಶೇ. 6 ಬಿತ್ತು. ಆಗ ಲಾಟ್ ಗಾತ್ರ 25. ಹಿಂದಿನ ದಿನದ ಮಟ್ಟದಲ್ಲೇ ಪುಟ್ ಮಾರಿದ್ದವರಿಗೆ, ಬಂದ ಪ್ರೀಮಿಯಂ ಬದಿಗಿಟ್ಟು ನೋಡಿದರೆ, ಲಾಟ್‌ಗೆ ಸುಮಾರು 34 ಸಾವಿರ ಹೊಡೆತ. 5 ಲಕ್ಷ ಬಂಡವಾಳಕ್ಕೆ ಒಂದು ಲಾಟ್ ಮಾರಿದ್ದರೆ ಹೋಗೋದು ಶೇ. 7. ತಡೆದುಕೊಳ್ಳಬಹುದು. ನಾಲ್ಕು ಲಾಟ್ ಮಾರಿದ್ದರೆ ಕಾಲು ಭಾಗಕ್ಕೂ ಹೆಚ್ಚು. ಇಬ್ಬರ ಅಂದಾಜೂ ಒಂದೇ, ವ್ಯತ್ಯಾಸ ಲಾಟ್‌ನಲ್ಲಿ ಮಾತ್ರ.

ಬ್ರೋಕರ್ ಆಪ್ ಇನ್ನೂ ಮಾರ್ಜಿನ್ ಇದೆ ಅಂತ ತೋರಿಸುತ್ತೆ. ಅದು ಎಷ್ಟು ಮಾರಬಹುದು ಅನ್ನೋ ಲೆಕ್ಕ. ಎಷ್ಟು ನಷ್ಟ ತಡೆಯಬಹುದು ಅನ್ನೋದನ್ನ ನಾವೇ ಹಾಕಬೇಕು. ಮಾರ್ಕೆಟ್ ಶಾಂತವಾಗಿದ್ದಾಗ ಪ್ರೀಮಿಯಂ ಕಡಿಮೆ, ಅದಕ್ಕೇ ಲಾಟ್ ಏರಿಸುವ ಆಸೆಯೂ ಆಗಲೇ ಹುಟ್ಟೋದು.

ಅದೇ ವರ್ಷದ ನವೆಂಬರ್‌ನಲ್ಲಿ ಸೆಬಿ ನಿಯಮದಿಂದ ನಿಫ್ಟಿ ಲಾಟ್ 75ಕ್ಕೆ ಏರಿತು. ಅಂಥದ್ದೇ ಕುಸಿತಕ್ಕೆ 75ರ ಒಂದು ಲಾಟ್‌ನಲ್ಲೇ ನಷ್ಟ ಲಕ್ಷ ದಾಟುತ್ತೆ. 2 ಲಕ್ಷ ಇಟ್ಟವರಿಗೆ ಇದು ಅರ್ಧ ಬಂಡವಾಳ, ಒಂದು ಲಾಟ್ ಕೂಡ ದೊಡ್ಡದೇ. ಅಂಥವರು ಸ್ವಲ್ಪ ಕೆಳಗಿನ ಮಟ್ಟದ ಪುಟ್ ಒಂದನ್ನು ಕೊಂಡಿಟ್ಟುಕೊಂಡರೆ ನಷ್ಟಕ್ಕೆ ಮಿತಿ ಬೀಳುತ್ತೆ. ಲಾಭ ಸ್ವಲ್ಪ ಕರಗುತ್ತೆ, ನಿಜ.